ಬೇಲಿಯನ್ನು ಕೇಳದೆ ಬಂದ ಕಳೆಗಳು: ಪಾಪಾಸುಕಳ್ಳಿಯಿಂದ ಪಾರ್ಥೇನಿಯಂವರೆಗೆ

ಕನ್ನಡದಲ್ಲಿ 'ಕಳೆ' ಎಂಬುದು ಎರಡೇ ಅಕ್ಷರದ ಮಾತು. ಆದರೆ ಅದರ ಹೊಟ್ಟೆಯಲ್ಲಿ ಹಲವು ಅರ್ಥಗಳಿವೆ. ಮುಖದಲ್ಲಿ ಕಳೆ ಇದ್ದರೆ ಅದು ಕಾಂತಿ. ಲೆಕ್ಕದ ಪುಸ್ತಕದಲ್ಲಿ ಕಳೆ ಎಂದರೆ ತೆಗೆದುಹಾಕು ಎಂಬ ಸೂಚನೆ. ಹೊಲದಲ್ಲಿ ಕಳೆ ಎಂದರೆ ಬೇಡದ ಗಿಡ. ರೈತನ ಮಾತಿನಲ್ಲಿ ಆ ಗಿಡದ ಹೆಸರೂ ಅದಕ್ಕೆ ಮಾಡಬೇಕಾದ ಕೆಲಸವೂ ಒಂದೇ ಪದದಲ್ಲಿ ಅಡಗಿದಂತಿದೆ.

ಆದರೆ ನಮ್ಮ ಹಿರಿಯರು ಕಂಡ ಕಳೆಗಳಿಗೂ ಇಂದು ನಾವು ಕಾಣುತ್ತಿರುವ ಕಳೆಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರಾಗಿ ಹೊಲದಲ್ಲಿ ಹುಟ್ಟುವ ಅಣ್ಣೆ ಸೊಪ್ಪನ್ನು ಕಿತ್ತು ಸಾರು ಮಾಡಬಹುದು. ಗೋಣಿ ಸೊಪ್ಪನ್ನು ಪಲ್ಯ ಮಾಡಬಹುದು. ಗರಿಕೆ ರೈತನಿಗೆ ಕಾಟ ಕೊಟ್ಟರೂ ಹಸುವಿಗೆ ಮೇವು, ಗಣಪತಿಗೆ ಪೂಜೆ. ಇವುಗಳನ್ನು ತಿನ್ನುವ ಹುಳು, ಮೇಯುವ ದನ, ಕೀಳುವ ಕೈ ಎಲ್ಲವೂ ಇಲ್ಲೇ ಇದ್ದವು. ಎಡೆಕುಂಟೆ ಹೊಡೆದು, ಎರಡು ಸಲ ಕಳೆ ಕಿತ್ತರೆ ಆ ವರ್ಷಕ್ಕೆ ಕೆಲಸ ಮುಗಿಯುತ್ತಿತ್ತು. ಇನ್ನೊಂದು ಬಗೆಯ ಕಳೆಗಳು ಹಾಗಲ್ಲ. ಅವು ಸಮುದ್ರ ದಾಟಿ ಬಂದವು. ಬರುವಾಗ ತಮ್ಮ ಶತ್ರುಗಳನ್ನೆಲ್ಲ ತವರಿನಲ್ಲೇ ಬಿಟ್ಟು ಬಂದವು. ಇಂಥವನ್ನು ವಿಜ್ಞಾನಿಗಳು ಆಕ್ರಮಣಕಾರಿ ಕಳೆಗಳು ಎಂದು ಕರೆಯುತ್ತಾರೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಹೊಲದ ಮುಸುಕಿನ ಜೋಳ ಇವೆಲ್ಲ ಅಮೆರಿಕ ಖಂಡಗಳಿಂದ ಬಂದವೇ. ಅವು ಹೊಲದಲ್ಲಿ, ತೋಟದಲ್ಲಿ ನಾವು ಹೇಳಿದ ಕಡೆ ನಿಂತಿವೆ. ಹೇಳಿದ ಕಡೆ ನಿಲ್ಲದೆ, ಬೇಲಿ ದಾಟಿ, ಊರು ದಾಟಿ, ಕಾಡು ಸೇರಿದ ಗಿಡಗಳ ಕಥೆ ಬೇರೆ. ಆ ಕಥೆಯನ್ನು ಕಳೆದ ಇನ್ನೂರು ವರ್ಷಗಳ ಇತಿಹಾಸದಲ್ಲಿ ಹುಡುಕಿದರೆ, ಕಳೆಯನ್ನು ಗುರುತಿಸುವುದು ಏಕೆ ಮುಖ್ಯ, ತಡೆಯುವುದು ಏಕೆ ಕಷ್ಟ ಎಂಬುದು ತಾನಾಗಿ ತಿಳಿಯುತ್ತದೆ.

ಕೆಂಪು ಬಣ್ಣದ ಆಸೆ

ಮೊದಲನೆಯ ಕಥೆ ಪಾಪಾಸುಕಳ್ಳಿಯದು. ಚಪ್ಪಟೆಯಾದ ಹಸಿರು ಹಾಳೆಗಳು ಒಂದರ ಮೇಲೊಂದು ಜೋಡಿಸಿದಂತೆ ಬೆಳೆಯುವ, ಮೈತುಂಬ ಮುಳ್ಳಿರುವ ಈ ಗಿಡವನ್ನು ಬಯಲುಸೀಮೆಯ ವಿದ್ಯಾರ್ಥಿಗಳು ನೋಡಿಯೇ ಇರುತ್ತೀರಿ. ಇದು ಎಷ್ಟು ಹಳೆಯ ಗಿಡವೆಂದರೆ, ಅದು ನಮ್ಮದೇ ಎಂದು ಅನೇಕರು ನಂಬಿದ್ದಾರೆ. ಆದರೆ ಇದರ ತವರು ಅಮೆರಿಕ ಖಂಡ.

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಬಟ್ಟೆಗೆ, ಸೈನಿಕರ ಸಮವಸ್ತ್ರಕ್ಕೆ ಬೇಕಾದ ಅಚ್ಚ ಕೆಂಪು ಬಣ್ಣ ಒಂದು ಪುಟ್ಟ ಕೀಟದಿಂದ ಸಿಗುತ್ತಿತ್ತು. ಕಾಚಿನೀಲ್ ಎಂಬ ಈ ಕೀಟ ಪಾಪಾಸುಕಳ್ಳಿಯ ಮೇಲೆ ಬದುಕುತ್ತದೆ. ಮೆಕ್ಸಿಕೊ ಸ್ಪೇನಿನ ಕೈಯಲ್ಲಿತ್ತು, ಆದ್ದರಿಂದ ಆ ಬಣ್ಣದ ವ್ಯಾಪಾರವೂ ಸ್ಪೇನಿನದೇ. ಇದನ್ನು ಮುರಿಯಬೇಕೆಂಬುದು ಈಸ್ಟ್ ಇಂಡಿಯಾ ಕಂಪನಿಯ ಆಸೆ. ಮದರಾಸಿನಲ್ಲಿ ವೈದ್ಯರಾಗಿದ್ದ ಜೇಮ್ಸ್ ಆಂಡರ್ಸನ್ ಈ ಉದ್ದೇಶಕ್ಕಾಗಿಯೇ ಕಳ್ಳಿಯ ತೋಟ ಮಾಡಿ ಗಿಡಗಳನ್ನು ಹಂಚಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬ ಅಧಿಕಾರಿ ಬ್ರೆಜಿಲ್‌ನಿಂದ ಕೀಟವನ್ನು ಕಲ್ಕತ್ತೆಗೆ ತಂದ.

ಆದರೆ ತಂದದ್ದು ಬೇರೆಯದೇ ಕೀಟ. ನಿಜವಾದ ಕಾಚಿನೀಲ್ ಕೀಟವನ್ನು ಇಂದು ಡ್ಯಾಕ್ಟಿಲೋಪಿಯಸ್ ಕಾಕಸ್ ಎನ್ನುತ್ತೇವೆ. ಬಂದದ್ದು ಅದರ ದಾಯಾದಿ, ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್. ಅದು ಕೊಡುವ ಬಣ್ಣ ಕಡಿಮೆ ದರ್ಜೆಯದು. ಕಂಪನಿಯ ಲಾಭದ ಕನಸು ಕೈಗೂಡಲಿಲ್ಲ. ಆದರೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ನಡೆಯಿತು. ಬೆಲೆಯಿಲ್ಲದ ಈ ಕೀಟ ಕಳ್ಳಿಯ ರಸ ಹೀರಿ, ಹಾಳೆಗಳನ್ನು ಒಣಗಿಸಿ, ಉತ್ತರ ಹಾಗೂ ಮಧ್ಯ ಭಾರತದ ಬಯಲುಗಳಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯನ್ನು ನಾಶ ಮಾಡತೊಡಗಿತು. ಇದನ್ನು ಕಂಡು 1836 ರಿಂದ 1838ರ ನಡುವೆ ಕೀಟವನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಅಲ್ಲಿಂದ 1860ರ ದಶಕದಲ್ಲಿ ಅದು ಸಿಂಹಳಕ್ಕೂ ಹೋಯಿತು. ಒಂದು ಕೀಟವನ್ನು ಉದ್ದೇಶಪೂರ್ವಕವಾಗಿ ಬಿಟ್ಟು ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಯಶಸ್ಸು ಇದು. ಇಂದು ಜೈವಿಕ ನಿಯಂತ್ರಣ ಎಂದು ಕರೆಯುವ ವಿಜ್ಞಾನದ ಒಂದು ಬೇರು ಹೀಗೆ ನಮ್ಮ ನೆಲದಲ್ಲೇ ಇದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ದಕ್ಷಿಣದಲ್ಲಿ ಇನ್ನೊಂದು ಜಾತಿಯ ಪಾಪಾಸುಕಳ್ಳಿಯೂ ಹಬ್ಬಿತ್ತು. ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ. ಜನರ ಬಾಯಲ್ಲಿ ಹೆಸರೂ ಒಂದೇ. ಆದರೆ ಮೊದಲ ಕೀಟ ಈ ಎರಡನೆಯ ಜಾತಿಯನ್ನು ಮುಟ್ಟಲಿಲ್ಲ. 1926ರಲ್ಲಿ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ ಎಂಬ ಬೇರೆ ಕೀಟವನ್ನು ಸಿಂಹಳದಿಂದ ತಂದ ಮೇಲೆಯೇ ಅದಕ್ಕೆ ಕಡಿವಾಣ ಬಿದ್ದದ್ದು. ಮನುಷ್ಯನ ಕಣ್ಣಿಗೆ ಒಂದೇ ಆಗಿ ಕಂಡದ್ದನ್ನು ಕೀಟ ಬೇರೆ ಬೇರೆ ಎಂದು ತಿಳಿದಿತ್ತು. ಕಳೆಯ ಹತೋಟಿಗೆ ಮೊದಲ ಮೆಟ್ಟಿಲು ಗುರುತಿಸುವಿಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅಂದದ ಹೂವು, ಕಾಡಿನ ಹೊರೆ

ಎರಡನೆಯ ಕಥೆ ಲಂಟಾನದ್ದು. ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂಗಳ ಗೊಂಚಲು, ಒರಟು ಎಲೆ, ಮುಳ್ಳಿನ ಕಾಂಡ, ಉಜ್ಜಿದರೆ ಘಾಟು ವಾಸನೆ. ಮಕ್ಕಳು ಇದರ ಕಪ್ಪು ಹಣ್ಣನ್ನು ಕಿತ್ತು ಆಡುವುದುಂಟು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಉದ್ಯಾನದಿಂದ ಬಂಗಲೆಗಳ ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಮನುಷ್ಯ ಒಯ್ದ. ಬೇಲಿಯಿಂದ ಕಾಡಿಗೆ ಹಕ್ಕಿಗಳು ಒಯ್ದವು. ಹಣ್ಣು ತಿಂದ ಪಿಕಳಾರ ಹಕ್ಕಿಗೆ ಇದು ಯಾರ ಜಮೀನು ಎಂಬ ಲೆಕ್ಕವಿಲ್ಲ.

ಕಾಫಿ ತೋಟಗಳ ನಾಡಾದ ಕೊಡಗಿನಲ್ಲಿ ಈ ಗಿಡ ಎಷ್ಟು ತೊಂದರೆ ಕೊಟ್ಟಿತೆಂದರೆ, 1914ರಲ್ಲೇ ಅಲ್ಲಿ ಅನಿಷ್ಟ ಕಳೆಗಳಿಗಾಗಿ ಪ್ರತ್ಯೇಕ ಕಾನೂನು ಬಂತು. ಮದರಾಸು ಪ್ರಾಂತದಲ್ಲಿ 1919ರಲ್ಲಿ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆ ಬಂತು. ಬಂಗಾಳದಲ್ಲಿ ನೀರಿನ ಕಳೆಯಾದ ಅಂತರಗಂಗೆಯೊಂದಕ್ಕೇ 1936ರಲ್ಲಿ ಒಂದು ಕಾಯಿದೆ ಮಾಡಿದರು. ಈ ದಿನಾಂಕಗಳನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಕಳೆ ಎಂಬುದು ರೈತನ ಮನೆಯ ಕೆಲಸವಷ್ಟೇ ಅಲ್ಲ, ಅದು ನೆರೆಹೊರೆಯವರ ನಡುವಿನ ವ್ಯವಹಾರ, ಅದಕ್ಕೆ ಕಾನೂನು ಬೇಕು ಎಂದು ಆಡಳಿತಕ್ಕೆ ನೂರು ವರ್ಷಗಳ ಹಿಂದೆಯೇ ಅನ್ನಿಸಿತ್ತು. ನಾನು ನನ್ನ ತೋಟ ಚೊಕ್ಕಟವಾಗಿಟ್ಟು, ಪಕ್ಕದವರು ಬಿಟ್ಟರೆ ನನ್ನ ಶ್ರಮ ವ್ಯರ್ಥ.

ಲಂಟಾನಕ್ಕೂ ಕೀಟದ ಮದ್ದು ಮಾಡಿ ನೋಡಿದರು. 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆ ಜಾತಿಯ ಕೀಟವನ್ನು ಡೆಹ್ರಾಡೂನಿಗೆ ತರಿಸಿದರು. ಪಾಪಾಸುಕಳ್ಳಿಯ ಪವಾಡ ಮತ್ತೆ ನಡೆಯಲಿಲ್ಲ. ಕೀಟ ಎಲೆ ಉದುರಿಸಿದರೆ ಗಿಡ ಮಳೆ ಬಂದೊಡನೆ ಮತ್ತೆ ಚಿಗುರುತ್ತದೆ. ಕಡಿದರೂ ಅಷ್ಟೆ, ಸುಟ್ಟರೂ ಅಷ್ಟೆ. ಬುಡದಿಂದ ಹತ್ತು ಚಿಗುರು ಏಳುತ್ತವೆ. ಈಗ ಕಾಡುಗಳಲ್ಲಿ ಬಳಸುವ ಒಂದು ಉತ್ತಮ ಕ್ರಮವೆಂದರೆ, ನೆಲದಿಂದ ಮೂರರಿಂದ ಐದು ಸೆಂಟಿಮೀಟರು ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗಾಗಿ ಇಡುವುದು. ಬೇರು ಮಣ್ಣು ಮುಟ್ಟದೆ ಒಣಗುತ್ತದೆ. ಆನಂತರ ಹಕ್ಕಿಗಳು ತಂದು ಹಾಕುವ ಬೀಜದಿಂದ ಹುಟ್ಟುವ ಸಸಿಗಳನ್ನು ಕೆಲವು ವರ್ಷ ಬಿಡದೆ ಕೀಳಬೇಕು. ತೆರವಾದ ಜಾಗದಲ್ಲಿ ಹುಲ್ಲು ಬೆಳೆಸಬೇಕು. ಖಾಲಿ ನೆಲವನ್ನು ಪ್ರಕೃತಿ ಖಾಲಿಯಾಗಿ ಬಿಡುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ. ಅವರ ಹಿರಿಯರು ಬೇಸಿಗೆಯ ಆರಂಭದಲ್ಲಿ ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ದೊಡ್ಡ ಮರಗಳಿಗೆ ಅಪಾಯವಾಗದ ಆ ಬೆಂಕಿಯಲ್ಲಿ ಎಳೆಯ ಪೊದೆಗಳು ಸಾಯುತ್ತಿದ್ದವು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಹೆಚ್ಚಿತು ಎಂಬುದು ಅವರ ಅನುಭವ. ಬೆಂಕಿ ನಿಂತದ್ದೊಂದೇ ಕಾರಣ ಎಂದು ಹೇಳಲಾಗದು. ಆದರೆ ಕಾಡಿನೊಳಗೆ ತಲೆತಲಾಂತರದಿಂದ ಬದುಕಿದವರ ಮಾತನ್ನು ವಿಜ್ಞಾನಿಗಳು ಈಗ ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ಲಂಟಾನದ ಪೊದೆ ದಟ್ಟವಾದಲ್ಲಿ ಹುಲ್ಲಿಲ್ಲ. ಹುಲ್ಲಿಲ್ಲದಲ್ಲಿ ಜಿಂಕೆಗೂ ಆನೆಗೂ ಮೇವಿಲ್ಲ. ಮೇವು ಹುಡುಕಿ ಆನೆ ಕಾಡಿನಂಚಿನ ಹೊಲಕ್ಕೆ ಬಂದರೆ ಪೆಟ್ಟು ಬೀಳುವುದು ಬಡ ರೈತನಿಗೆ.

ಹೆಸರು ಸರಿಯಾದಾಗ ಕೆರೆ ತೆರೆಯಿತು

ಮೂರನೆಯದು ಚಿಕ್ಕ ಕಥೆ, ಆದರೆ ಸಂತೋಷದ ಕಥೆ. ಕೇರಳದ ಕುಟ್ಟನಾಡಿನ ಗದ್ದೆ, ಕಾಲುವೆಗಳಲ್ಲಿ ಸಾಲ್ವೀನಿಯ ಎಂಬ ತೇಲುವ ಜರಿಗಿಡ ಚಾಪೆ ಹಾಸಿದಂತೆ ಹಬ್ಬಿ, ದೋಣಿ ಓಡದಂತೆ, ಭತ್ತ ನೆಡದಂತೆ ಮಾಡಿತ್ತು. ಅಲ್ಲಿನವರು ಅದನ್ನು ಆಫ್ರಿಕನ್ ಪಾಯಲ್ ಎಂದು ಕರೆದರು. ಆದರೆ ಅದು ಆಫ್ರಿಕದ್ದಲ್ಲ. ಆಫ್ರಿಕದಲ್ಲೂ ಅದು ಪರದೇಶಿಯೇ.

ಬಹಳ ಕಾಲ ವಿಜ್ಞಾನಿಗಳು ಈ ಗಿಡವನ್ನು ಅದನ್ನೇ ಹೋಲುವ ಇನ್ನೊಂದು ಜಾತಿ ಎಂದು ಭಾವಿಸಿದ್ದರು. ಆ ಇನ್ನೊಂದು ಜಾತಿಯ ಮೇಲೆ ಸಿಕ್ಕಿದ ಕೀಟಗಳನ್ನು ಆಫ್ರಿಕದಲ್ಲಿ ಬಿಟ್ಟರು, ಫಲ ಸಿಗಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಎಂದು ಗೊತ್ತಾಗಿ ಸಾಲ್ವೀನಿಯ ಮೊಲೆಸ್ಟ ಎಂಬ ಹೆಸರು ಬಂತು. 1978ರಲ್ಲಿ ಅದರ ತವರು ಆಗ್ನೇಯ ಬ್ರೆಜಿಲ್ ಎಂದು ಪತ್ತೆಯಾಯಿತು. ಅಲ್ಲಿ ಅದನ್ನು ತಿನ್ನುವ, ಎರಡು ಮಿಲಿಮೀಟರಿನಷ್ಟೇ ಉದ್ದದ ಒಂದು ಮೂತಿಹುಳು ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯದ ಒಂದು ಸರೋವರದಲ್ಲಿ ಅದನ್ನು ಬಿಟ್ಟರು. ಮರುವರ್ಷವೇ ಸರೋವರದ ನೀರು ಕಾಣಿಸಿತು. ಆಮೇಲೆ ಪರೀಕ್ಷಿಸಿದಾಗ ಆ ಹುಳು ಕೂಡ ವಿಜ್ಞಾನಕ್ಕೆ ಹೊಸ ಜಾತಿ ಎಂದು ತಿಳಿದು, 1985ರಲ್ಲಿ ಅದಕ್ಕೂ ಹೆಸರು ಬಂತು.

ಅದೇ ಹುಳುವನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ನಗರದ ಒಂದು ನೈದಿಲೆ ಕೊಳದಲ್ಲಿ ಬಿಟ್ಟಾಗ ಹನ್ನೊಂದು ತಿಂಗಳಲ್ಲಿ ಕೊಳ ತೆರವಾಗಿ ನೈದಿಲೆ ಮತ್ತೆ ಅರಳಿತು. ಕೇರಳದಲ್ಲೂ ಈ ಹುಳು ತನ್ನ ಕೆಲಸ ಮಾಡಿತು. ಗಿಡದ ಹೆಸರು ತಪ್ಪಿದ್ದಷ್ಟು ವರ್ಷ ಮದ್ದೂ ತಪ್ಪಿತ್ತು. ಹೆಸರು ಸರಿಯಾದ ಮೇಲೆ ಮದ್ದೂ ಸಿಕ್ಕಿತು. ವರ್ಗೀಕರಣ ಶಾಸ್ತ್ರ ಒಣ ವಿಷಯ, ಲ್ಯಾಟಿನ್ ಹೆಸರುಗಳ ಬಾಯಿಪಾಠ ಎಂದು ಬೇಸರಪಡುವ ವಿದ್ಯಾರ್ಥಿಗಳು ಈ ಕೊಳವನ್ನು ನೆನಪಿಡಬೇಕು.

ಬಿಳಿ ಟೋಪಿಯ ಗಿಡ

ಈಗ ನಮ್ಮೆಲ್ಲರ ಮನೆಯ ಎದುರಿನ ಗಿಡಕ್ಕೆ ಬರೋಣ. ಪಾರ್ಥೇನಿಯಂ ಎಂದರೆ ಎಲ್ಲರಿಗೂ ತಿಳಿಯದಿದ್ದರೂ ಕಾಂಗ್ರೆಸ್ ಗಿಡ ಎಂದರೆ ತಿಳಿಯದವರಿಲ್ಲ. ಈ ಹೆಸರಿಗೆ ಎರಡು ಕಾರಣ ಹೇಳುತ್ತಾರೆ. ಗಿಡದ ನೆತ್ತಿಯ ಬಿಳಿ ಹೂಗಳು ಗಾಂಧಿ ಟೋಪಿಯಂತೆ ಕಾಣುವುದು ಒಂದು. ಅಮೆರಿಕದ ಕಾಂಗ್ರೆಸ್ ಮಂಜೂರು ಮಾಡಿದ ಗೋಧಿಯ ಜೊತೆ ಬಂತು ಎಂಬುದು ಇನ್ನೊಂದು.

ಎರಡನೆಯ ಮಾತನ್ನು ಇತಿಹಾಸದ ವಿದ್ಯಾರ್ಥಿಗಳಾಗಿ ಸ್ವಲ್ಪ ಪರೀಕ್ಷಿಸಿ ನೋಡೋಣ. ಪಿ.ಎಲ್. 480 ಯೋಜನೆಯ ಗೋಧಿಯಲ್ಲಿ ಈ ಬೀಜ ಬಂತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಭಾರತ ಆ ಯೋಜನೆಯ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಆದರೆ ಪುಣೆಯಲ್ಲಿ ಈ ಗಿಡ ಕಂಡ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದೇ 1956ರಲ್ಲಿ ಅಚ್ಚಾಯಿತು. ಅಂದಮೇಲೆ ಬೀಜ ಅದಕ್ಕೂ ಮುಂಚೆಯೇ ಬಂದಿರಬೇಕು. 1951ರಲ್ಲಿ ಅಮೆರಿಕದಿಂದ ಸಾಲವಾಗಿ ಗೋಧಿ ಬಂದಿತ್ತು, ಅದರಲ್ಲಿ ಬಂದಿರಬಹುದು. ಇನ್ನೂ ಹಿಂದೆ ಹೋದರೆ, ಕಲ್ಕತ್ತೆಯ ಉದ್ಯಾನದ ಸಸ್ಯಗಳ ಬಗ್ಗೆ ವಿಲಿಯಂ ರಾಕ್ಸ್‌ಬರ್ಗ್ ತಯಾರಿಸಿದ, 1814ರಲ್ಲಿ ಪ್ರಕಟವಾದ ಪಟ್ಟಿಯಲ್ಲೇ ಇದರ ಹೆಸರಿದೆ. ಗೋಧಿಯ ಮೂಟೆ ಗಿಡವನ್ನು ದೇಶಕ್ಕೆಲ್ಲ ಹರಡಲು ನೆರವಾಗಿರಬಹುದು. ಆದರೆ ಮೊದಲ ಸಲ ತಂದದ್ದು ಅದೇ ಎಂದು ಹೇಳಲು ಸಾಧ್ಯವಿಲ್ಲ. ಎಲ್ಲರೂ ಹೇಳುವ ಕಥೆಯನ್ನೂ ದಿನಾಂಕಗಳ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಗಿಡವನ್ನು ಗುರುತಿಸುವುದು ಹೇಗೆ? ಎಳೆಯದಾಗಿದ್ದಾಗ ಎಲೆಗಳು ನೆಲಕ್ಕೆ ಅಂಟಿದಂತೆ ವೃತ್ತಾಕಾರವಾಗಿ ಹರಡಿರುತ್ತವೆ. ಎಲೆ ಕ್ಯಾರೆಟ್ ಎಲೆಯಂತೆ, ಸ್ವಲ್ಪ ಸೇವಂತಿಗೆಯ ಎಲೆಯಂತೆ ಸೀಳು ಸೀಳಾಗಿರುತ್ತದೆ. ಮೈಮೇಲೆ ನವಿರಾದ ರೋಮ. ಆಮೇಲೆ ಉದ್ದುದ್ದ ಗೆರೆಗಳಿರುವ ಕಾಂಡ ಎದ್ದು, ಒಂದು ಮೀಟರು, ಕೆಲವೊಮ್ಮೆ ಅದಕ್ಕೂ ಎತ್ತರ ಬೆಳೆದು ಕವಲೊಡೆಯುತ್ತದೆ. ತುದಿಯಲ್ಲಿ ಕೊತ್ತಂಬರಿ ಬೀಜದ ಗಾತ್ರದ ಬಿಳಿ ಹೂಗಳು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಹೂವಿಗೂ ಐದು ಮೂಲೆ. ಪ್ರತಿ ಮೂಲೆಗೆ ಒಂದು ಬೀಜ. ಸಸ್ಯಶಾಸ್ತ್ರದ ಪ್ರಕಾರ ಇದು ಒಂದು ಹೂವಲ್ಲ, ಹೂಗಳ ಗೊಂಚಲು. ಇದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೇ ಸೇರಿದ ಗಿಡ. ಕ್ಯಾಮೆರಾದ ಕಣ್ಣಿಗೆ ಇದು ಚೆಂದವಾಗಿಯೇ ಕಾಣುತ್ತದೆ. ಮಳೆ ನಿಂತ ಮೇಲೆ ಹೊಲದ ಬದುವಿನಲ್ಲಿ ಇದರ ಚಿತ್ರ ತೆಗೆದರೆ ಯಾವುದೋ ಹೂದೋಟ ಎಂದು ನೋಡುಗರು ತಿಳಿದಾರು.

ಒಂದು ಗಿಡ 15 ರಿಂದ 25 ಸಾವಿರ ಬೀಜ ಬಿಡಬಲ್ಲದು. ಒಂದು ಸಣ್ಣ ಲೆಕ್ಕ ಮಾಡಿ. ಒಂದು ಖಾಲಿ ಸೈಟಿನಲ್ಲಿ 100 ಗಿಡ, ಒಂದೊಂದಕ್ಕೆ 15 ಸಾವಿರ ಬೀಜ ಎಂದರೆ ಒಟ್ಟು 15 ಲಕ್ಷ. ನೂರಕ್ಕೆ 99 ಬೀಜ ಸತ್ತವು ಎಂದುಕೊಂಡರೂ 15 ಸಾವಿರ ಉಳಿದವು. ತೇವ ಸಿಕ್ಕರೆ ವರ್ಷದಲ್ಲಿ ಮೂರು ನಾಲ್ಕು ಸಲ ಹುಟ್ಟಿ ಬೆಳೆಯುತ್ತದೆ. ಗಾಳಿ, ಮಳೆನೀರು, ಲಾರಿಯ ಚಕ್ರದ ಕೆಸರು, ಗೊಬ್ಬರದ ಗಾಡಿ, ಮನೆ ಕಟ್ಟುವವರು ತರಿಸುವ ಮರಳು ಎಲ್ಲವೂ ಇದರ ವಾಹನ.

ಇದರಲ್ಲಿ ಪಾರ್ಥೆನಿನ್ ಎಂಬ ವಿಷವಸ್ತುವಿದೆ. ಪದೇ ಪದೇ ಮುಟ್ಟಿದವರಲ್ಲಿ ಕೆಲವರಿಗೆ ಮುಖ, ಕತ್ತು, ಕೈಗಳ ಮೇಲೆ ತೀವ್ರ ಚರ್ಮದ ಉರಿ, ಕಜ್ಜಿ ಕಾಣಿಸಿಕೊಳ್ಳುತ್ತದೆ. ಪುಣೆಯ ರೋಗಿಗಳ ಬಗ್ಗೆ 1970ರ ದಶಕದಲ್ಲೇ ವೈದ್ಯರು ಬರೆದರು. ಪರಾಗದಿಂದ ಸೀನು, ಮೂಗು ಸೋರುವಿಕೆ, ಉಬ್ಬಸ ಬರುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ ತೋರಿಸಿದರು. ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇರೆ ಮೇವಿನ ಜೊತೆ ಹೊಟ್ಟೆಗೆ ಹೋದರೆ ಹಾಲು ಕಹಿಯಾಗುತ್ತದೆ. ಈ ಗಿಡ ಕೀಳುವ ಕೂಲಿ ಹೆಂಗಸರಿಗೆ, ಪೌರಕಾರ್ಮಿಕರಿಗೆ ಇದು ಪುಸ್ತಕದ ಮಾತಲ್ಲ, ದಿನದಿನದ ಕೆಲಸದ ಅಪಾಯ.

ಜೀರುಂಡೆ ಬಂತು, ಅನುಮಾನವೂ ಬಂತು

ಕರ್ನಾಟಕ ಸರ್ಕಾರ 1975ರಲ್ಲಿ ಪಾರ್ಥೇನಿಯಂ ಅನ್ನು ಕೃಷಿ ಪೀಡೆಗಳ ಕಾನೂನಿನಡಿ ಅನಿಷ್ಟ ಕಳೆ ಎಂದು ಘೋಷಿಸಿತು. ಘೋಷಣೆಯಿಂದ ಗಿಡ ಒಣಗಲಿಲ್ಲ. 1983ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪಾರ್ಥೇನಿಯಂನ ತವರುಗಳಲ್ಲೊಂದಾದ ಮೆಕ್ಸಿಕೊದಿಂದ ಒಂದು ಜೀರುಂಡೆಯನ್ನು ತರಿಸಿದರು. ಹೆಸರು ಜೈಗೋಗ್ರಾಮ ಬೈಕಲರೇಟ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ, ಆರು ಮಿಲಿಮೀಟರಿನಷ್ಟು ಉದ್ದದ ಚೆಲುವಾದ ಕೀಟ. ಹಲವು ಬೆಳೆಗಳ ಎಲೆ ಕೊಟ್ಟು, ಅವುಗಳ ಮೇಲೆ ಇದು ಬದುಕುವುದಿಲ್ಲ ಎಂದು ಪರೀಕ್ಷಿಸಿದ ಮೇಲೆ 1984ರಲ್ಲಿ ಹೊರಗೆ ಬಿಟ್ಟರು. 1988ರ ಹೊತ್ತಿಗೆ ಬೆಂಗಳೂರಿನ ಸುತ್ತ ಅದು ಲೆಕ್ಕವಿಲ್ಲದಷ್ಟು ಹೆಚ್ಚಿ, ಪಾರ್ಥೇನಿಯಂ ಗಿಡಗಳನ್ನು ಬರಿಯ ಕಡ್ಡಿಯಾಗಿಸಿತು. ಮರಿಹುಳುವೂ ತಿನ್ನುತ್ತದೆ, ದೊಡ್ಡ ಜೀರುಂಡೆಯೂ ತಿನ್ನುತ್ತದೆ.

ಆದರೆ 1990ರ ದಶಕದ ಆರಂಭದಲ್ಲಿ ಕರ್ನಾಟಕದ ಕೆಲವು ಸೂರ್ಯಕಾಂತಿ ಹೊಲಗಳಲ್ಲಿ ಇದೇ ಜೀರುಂಡೆ ಕಾಣಿಸಿತು. ರೈತರು ಗಾಬರಿಯಾದರು. ಕಳೆ ತಿನ್ನಲು ತಂದ ಹುಳು ಬೆಳೆ ತಿನ್ನತೊಡಗಿದರೆ ಗತಿಯೇನು? ಈ ಪ್ರಶ್ನೆ ನ್ಯಾಯವಾದದ್ದು. ಸರ್ಕಾರದ ಕಡೆಯಿಂದ ಸತ್ಯಶೋಧನಾ ಸಮಿತಿ ನೇಮಕವಾಯಿತು. ಸಂಶೋಧಕರು ಹೊಲದಲ್ಲಿ ಗಮನಿಸಿದ್ದು ಹೀಗೆ: ಸುತ್ತಲಿನ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿತ್ತು, ಆ ಪರಾಗದ ಸೆಳೆತಕ್ಕೆ ಜೀರುಂಡೆ ಎಲೆಯನ್ನು ಅಲ್ಲಲ್ಲಿ ಕಚ್ಚಿತ್ತು. ಸೂರ್ಯಕಾಂತಿಯ ಮೇಲೆ ಅದು ವಂಶ ಬೆಳೆಸಿ ಪೀಡೆಯಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಅದು ದೇಶದ ಅನೇಕ ಕಡೆ ಹರಡಿದರೂ ಸೂರ್ಯಕಾಂತಿ ಉಳಿದಿದೆ. ರೈತರು ಕೇಳಿದ್ದು ಸರಿ, ವಿಜ್ಞಾನಿಗಳು ಹೊಲಕ್ಕೆ ಹೋಗಿ ಉತ್ತರ ಹುಡುಕಿದ್ದೂ ಸರಿ.

ಹಾಗಾದರೆ ಜೀರುಂಡೆ ಇದ್ದೂ ಗಿಡ ಏಕೆ ಹೋಗಲಿಲ್ಲ? ಕಾರಣ ಕೀಟದ ಜೀವನಕ್ರಮದಲ್ಲಿದೆ. ಚಳಿ ಮತ್ತು ಒಣ ತಿಂಗಳುಗಳಲ್ಲಿ ಜೀರುಂಡೆ ಮಣ್ಣಿನೊಳಗೆ ಸೇರಿ ನಿದ್ರಿಸುತ್ತದೆ. ಮಳೆ ಬಿದ್ದ ಮೇಲೆ ಎದ್ದು, ಮೊಟ್ಟೆಯಿಟ್ಟು, ಸಂಖ್ಯೆ ಹೆಚ್ಚಿಸಿಕೊಳ್ಳಲು ಸಮಯ ಬೇಕು. ಅಷ್ಟರಲ್ಲಿ ಮೊದಲ ಸುತ್ತಿನ ಗಿಡಗಳು ಬೀಜ ಉದುರಿಸಿರುತ್ತವೆ. ನೀರು ಹರಿಯುವ ಮೋರಿಯ ಪಕ್ಕದಲ್ಲಂತೂ ಬೇಸಿಗೆಯಲ್ಲೂ ಗಿಡ ಹಸಿರಾಗಿರುತ್ತದೆ, ತಿನ್ನುವ ಕೀಟ ಮಾತ್ರ ಮಣ್ಣಿನಲ್ಲಿರುತ್ತದೆ.

ಗಿಡದಿಂದಲೇ ಗಿಡವನ್ನು ಓಡಿಸುವ ಪ್ರಯತ್ನವೂ ಕರ್ನಾಟಕದಲ್ಲಿ ನಡೆಯಿತು. ತಗಚೆಯ ಬಳಗಕ್ಕೆ ಸೇರಿದ ಕ್ಯಾಸಿಯ ಸೆರೀಸಿಯ ಎಂಬ ಗಿಡ ಬೆಳೆದಲ್ಲಿ ಪಾರ್ಥೇನಿಯಂ ಹಿಂದೆ ಸರಿಯುವುದನ್ನು ವಿಜ್ಞಾನಿಗಳು ಗಮನಿಸಿದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಈ ವಿಷಯದಲ್ಲಿ ಬಹಳ ಆಸಕ್ತಿ ವಹಿಸಿದರು. 1997ರ ಅಕ್ಟೋಬರಿನಲ್ಲಿ ಪಾರ್ಥೇನಿಯಂ ಹತೋಟಿ ಕುರಿತ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಧಾರವಾಡದಲ್ಲೇ ನಡೆಯಿತು. ಆದರೆ ಕ್ಯಾಸಿಯ ಕೂಡ ಅಮೆರಿಕ ಖಂಡದಿಂದ ಬಂದದ್ದೇ. ಈಗ ಅದೂ ತನ್ನಷ್ಟಕ್ಕೆ ತಾನು ಹಬ್ಬುವ ಕಳೆಗಳ ಸಾಲಿಗೆ ಸೇರಿದೆ. ಒಂದನ್ನು ಓಡಿಸಲು ಇನ್ನೊಂದನ್ನು ಕರೆಯುವಾಗ ಎರಡನೆಯದು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಯಾರ ಜಾಗ, ಯಾರ ಹೊಣೆ

ಪಾರ್ಥೇನಿಯಂ ಎಲ್ಲಿ ಹೆಚ್ಚು ಎಂದು ಒಂದು ಸಲ ಸುತ್ತಿ ನೋಡಿ. ಉತ್ತು ಬಿತ್ತುವ ಹೊಲದ ನಡುವೆ ಅಷ್ಟಿಲ್ಲ. ರಸ್ತೆಯ ಅಂಚು, ರೈಲು ಹಳಿಯ ಪಕ್ಕ, ಕೆರೆ ಏರಿ, ಗೋಮಾಳ, ಶಾಲೆಯ ಹಿತ್ತಲು, ಸರ್ಕಾರಿ ಕಚೇರಿಯ ಕಾಂಪೌಂಡು, ಕೊಂಡು ಹಾಗೇ ಬಿಟ್ಟ ಸೈಟು ಇವೇ ಅದರ ತವರುಮನೆಗಳಾಗಿವೆ. ಅಂದರೆ ಎಲ್ಲರದೂ ಆದ ಜಾಗ ಅಥವಾ ಒಡೆಯ ಕಣ್ಣಿಗೆ ಬೀಳದ ಜಾಗ. ರಸ್ತೆ ಒಂದು ಇಲಾಖೆಯದು, ಹಳಿ ಇನ್ನೊಂದರದು, ಕೆರೆ ಮತ್ತೊಂದರದು. ಸೈಟಿನ ಯಜಮಾನರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ. ಪ್ರತಿಯೊಬ್ಬರೂ ಪಕ್ಕದವರು ಮೊದಲು ಕೀಳಲಿ ಎಂದು ಕಾದರೆ ಬೀಜ ಮಾತ್ರ ಕಾಯುವುದಿಲ್ಲ. ಕಾನೂನು ಇದೆ, ಕೀಟವಿದೆ, ವಿಜ್ಞಾನವಿದೆ. ಕೊರತೆಯಿರುವುದು ಒಂದೇ ವಾರದಲ್ಲಿ, ಒಂದೇ ಬೀದಿಯವರು ಒಟ್ಟಿಗೆ ಕೈಹಾಕುವ ಏರ್ಪಾಡಿನದು. ಜಬಲ್ಪುರದ ರಾಷ್ಟ್ರೀಯ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16 ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುವುದು ಈ ಕಾರಣಕ್ಕೇ.

ನೀವು ಏನು ಮಾಡಬಹುದು? ಹೂ ಬಿಡುವ ಮೊದಲು, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬೇರು ಸಹಿತ ಕೀಳಬೇಕು. ಬರಿದೆ ಸವರಿದರೆ ಬುಡದಿಂದ ಚಿಗುರುತ್ತದೆ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಹಾಕಬಾರದು. ಬೆಳೆಯಿಲ್ಲದ, ಮರವಿಲ್ಲದ ಜಾಗದಲ್ಲಿ ಲೀಟರು ನೀರಿಗೆ 150 ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಎಳೆಯ ಗಿಡದ ಮೇಲೆ ಸಿಂಪಡಿಸುವ ರೂಢಿಯಿದೆ. ಹೊಲ, ತೋಟ, ಬಾವಿಯ ಬಳಿ ಇದು ಸಲ್ಲದು, ಉಪ್ಪು ಮಣ್ಣನ್ನು ಕೆಡಿಸುತ್ತದೆ. ಕಳೆನಾಶಕ ಬೇಕೆಂದರೆ ಕೃಷಿ ಅಧಿಕಾರಿಯನ್ನು ಕೇಳಬೇಕು. ಕಿತ್ತ ಜಾಗದಲ್ಲಿ ಹುಲ್ಲನ್ನೋ ಚೆಂಡು ಹೂವನ್ನೋ ಬೆಳೆಸಬೇಕು.

ಇನ್ನೊಂದು ಮಾತನ್ನು ಅಧ್ಯಾಪಕರೂ ಗಮನಿಸಬೇಕು. ಶ್ರಮದಾನದ ಹೆಸರಿನಲ್ಲಿ ಮಕ್ಕಳನ್ನು ಬರಿಗೈಯಲ್ಲಿ ಪಾರ್ಥೇನಿಯಂ ಕೀಳಲು ಹಚ್ಚಬಾರದು. ಕೈಗವಸು, ಮೂಗಿಗೆ ಬಟ್ಟೆ, ತುಂಬು ತೋಳಿನ ಅಂಗಿ ಇರಲೇಬೇಕು. ಉಬ್ಬಸ ಇರುವವರು, ಚರ್ಮದ ಅಲರ್ಜಿ ಇರುವವರು ದೂರ ನಿಂತು ಗಿಡ ಎಣಿಸುವ ಕೆಲಸ ಮಾಡಲಿ. ನಮಗಾಗಿ ದಿನವೂ ಇದನ್ನು ಕೀಳುವ ಪೌರಕಾರ್ಮಿಕರಿಗೆ ಕೈಗವಸು ಇದೆಯೇ ಎಂದು ಕೇಳುವುದೂ ನಾಗರಿಕರ ಕರ್ತವ್ಯವೇ.

ಮಾಡಿ ನೋಡಲು ಒಂದು ಕೆಲಸ: ನಿಮ್ಮ ಶಾಲೆ ಅಥವಾ ಕಾಲೇಜಿನ ಹತ್ತಿರ ಒಂದು ಚದರ ಮೀಟರಿನ ಎರಡು ಜಾಗ ಗುರುತು ಮಾಡಿ. ಒಂದರಲ್ಲಿ ಹದಿನೈದು ದಿನಕ್ಕೊಮ್ಮೆ ಪಾರ್ಥೇನಿಯಂ ಸಸಿಗಳನ್ನು ಎಣಿಸಿ ಕೀಳಿ. ಇನ್ನೊಂದರಲ್ಲಿ ಎಣಿಸಿ, ಕೀಳದೆ ಬಿಡಿ. ಅದರಲ್ಲಿ ಹೂವು ಕಂಡ ದಿನ ಮಾತ್ರ ಎಲ್ಲವನ್ನೂ ಕಿತ್ತುಬಿಡಿ. ಯಾವ ತಿಂಗಳು ಗೆರೆಬೆನ್ನಿನ ಜೀರುಂಡೆ ಕಂಡಿತು ಎಂದು ಬರೆದಿಡಿ. ಮುಂದಿನ ವರ್ಷದ ತರಗತಿಗೆ ಆ ಪುಸ್ತಕವನ್ನು ಒಪ್ಪಿಸಿ. ಮಣ್ಣಿನಲ್ಲಿರುವ ಬೀಜ ಒಂದು ವರ್ಷದಲ್ಲಿ ಮುಗಿಯುವುದಿಲ್ಲವಾದ್ದರಿಂದ ನಿಮ್ಮ ಲೆಕ್ಕವೂ ಒಂದು ವರ್ಷಕ್ಕೆ ಮುಗಿಯಬಾರದು.